ಕಾಡಿಗೆ ಒಯ್ಯುವ ಚಾಕು: ಎಷ್ಟು ದಪ್ಪ, ಯಾವ ಉಕ್ಕು, ಎಂಥ ಹಿಡಿ

ನನ್ನ ಮೇಜಿನ ಖಾನೆಯಲ್ಲಿ ಒಂದು ಮುರಿದ ಚಾಕು ಇದೆ. ಅಲಗು ಹೊಸದರಂತೆ ಹೊಳೆಯುತ್ತದೆ, ಹಿಡಿಯೂ ಚೆನ್ನಾಗಿದೆ, ಎರಡೂ ಬೇರೆ ಬೇರೆ ಆಗಿವೆ ಅಷ್ಟೆ. ಬೆನ್ನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ ತುಂಬಿಡುವ ಜಾಗ, ತುದಿಯ ಮುಚ್ಚಳದಲ್ಲಿ ಒಂದು ಪುಟ್ಟ ದಿಕ್ಸೂಚಿ. ಇಷ್ಟೆಲ್ಲ ಇರುವ ಚಾಕು ಗಟ್ಟಿಯಾಗಿಯೂ ಇರಲೇಬೇಕು ಅಂದುಕೊಂಡು ಕೊಂಡಿದ್ದೆ. ಮುಂಗೈಯಷ್ಟು ದಪ್ಪದ ಒಣ ಸೌದೆಯ ಮೇಲೆ ಅಲಗಿಟ್ಟು ದೊಣ್ಣೆಯಿಂದ ಹೊಡೆದೆ. ಮೂರನೇ ಏಟಿಗೆ ಅಲಗು ಸೌದೆಯಲ್ಲೇ ಉಳಿಯಿತು, ಹಿಡಿ ಮಾತ್ರ ಕೈಗೆ ಬಂತು. ಅಲಗಿನ ದಪ್ಪ 6 ಮಿಲಿಮೀಟರ್. ಹಿಡಿಯೊಳಗೆ ಹೋಗಿದ್ದದ್ದು ಕಿರುಬೆರಳಿನ ಅರ್ಧದಷ್ಟು ಉದ್ದದ ಒಂದು ಬೋಲ್ಟು.

ಆಮೇಲೆ ಕೊಂಡದ್ದು ಅದರ ಅರ್ಧ ದಪ್ಪವೂ ಇಲ್ಲದ, ಪ್ಲಾಸ್ಟಿಕ್ ಹಿಡಿಯ, ಬಣ್ಣ ಬಳಿಯುವವರ ಚೀಲದಿಂದ ಬಿದ್ದಂತೆ ಕಾಣುವ ಒಂದು ಸಾದಾ ಚಾಕು. ಅದು ಇವತ್ತಿಗೂ ನನ್ನ ಚೀಲದಲ್ಲಿದೆ. ಕಡಿಮೆ ದುಡ್ಡಿಗೆ ಗಟ್ಟಿ ಚಾಕು ಸಿಗುತ್ತದೆ. ಆದರೆ ಕೊಳ್ಳುವಾಗ ನಮ್ಮ ಕಣ್ಣು ಹೋಗುವುದು ಅಲಗಿನ ದಪ್ಪದ ಮೇಲೆ, ಚಾಕು ಕೈಕೊಡುವುದು ಇನ್ನೆಲ್ಲೋ.

ಎಲ್ಲಿ ಅಂದರೆ ಮೂರು ಜಾಗ. ಒಂದು ಬಾಯಿ: ಗಂಟಿಗೋ ಕಲ್ಲಿಗೋ ತಾಗಿ ಮಡಚಿಕೊಳ್ಳುತ್ತದೆ ಅಥವಾ ಚಕ್ಕೆ ಏಳುತ್ತದೆ. ಇನ್ನೊಂದು ಮೊನೆ: ಚುಚ್ಚಿ ಮೀಟಿದಾಗ ತುಂಡಾಗುತ್ತದೆ. ಮೂರನೆಯದು ಕೊರಳು, ಅಂದರೆ ಅಲಗು ಹಿಡಿಯೊಳಗೆ ಇಳಿಯುವ ಜಾಗ. ಬಾಯಿ ಹೋದರೆ ಮಸೆದುಕೊಳ್ಳಬಹುದು, ಮೊನೆ ಹೋದರೆ ಉಜ್ಜಿ ಹೊಸದು ಮಾಡಬಹುದು. ಕೊರಳು ಹೋದರೆ ಚಾಕುವೇ ಹೋಯಿತು.

ಕೊರಳಿನ ಒಳಗೆ

ಹಿಡಿಯೊಳಗೆ ಅಡಗಿರುವ ಉಕ್ಕಿನ ಬಾಲಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿಯ ಉದ್ದಗಲಕ್ಕೂ ಒಂದೇ ಉಕ್ಕಿನ ಪಟ್ಟಿ ಹಾದು, ಅದರ ಎರಡು ಪಕ್ಕಕ್ಕೆ ಮರವನ್ನೋ ಪ್ಲಾಸ್ಟಿಕ್ಕನ್ನೋ ಬಿಗಿದಿದ್ದರೆ ಅದು ಫುಲ್ ಟ್ಯಾಂಗ್. ಬಾಲ ಸಣ್ಣಗಾಗಿ ಹಿಡಿಯ ನಡುವೆ ಇಳಿದಿದ್ದರೆ ಸ್ಟಿಕ್ ಟ್ಯಾಂಗ್. ಅರ್ಧಕ್ಕೋ ಮುಕ್ಕಾಲಿಗೋ ನಿಂತಿರುವುದೂ ಉಂಟು.

ಚಾಕುವಿನ ಬಗ್ಗೆ ಮಾತಾಡುವವರೆಲ್ಲ ಮೊದಲು ಹೇಳುವ ಬುದ್ಧಿಮಾತು ಫುಲ್ ಟ್ಯಾಂಗ್ ಅಲ್ಲದ್ದನ್ನು ಮುಟ್ಟಬೇಡಿ ಅನ್ನುವುದು. ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಅಮೆರಿಕದ ಮರೀನ್ ಪಡೆ 1942ರಲ್ಲಿ ಅಂಗೀಕರಿಸಿದ, ಇವತ್ತು ಕಾ-ಬಾರ್ ಎಂದೇ ಎಲ್ಲರೂ ಕರೆಯುವ ಚಾಕುವಿನದು ಸ್ಟಿಕ್ ಟ್ಯಾಂಗ್. ಸಣ್ಣ ಬಾಲಕ್ಕೆ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಒತ್ತಿ ಮಾಡಿದ ಹಿಡಿ. ಯುದ್ಧವನ್ನೇ ದಾಟಿ ಬಂದ ಚಾಕು ಅದು. ಸ್ವೀಡನ್ನಿನ ಮೋರಾ ಚಾಕುಗಳಲ್ಲಿ ಹೆಚ್ಚಿನವುಗಳ ಬಾಲ ಹಿಡಿಯೊಳಗೇ ನಿಲ್ಲುತ್ತದೆ, ಆದರೂ ಕಟ್ಟಡ ಕೆಲಸದವರಿಂದ ಹಿಡಿದು ಚಾರಣಿಗರವರೆಗೆ ದಿನವೂ ಅವನ್ನು ದುಡಿಸಿಕೊಳ್ಳುವವರಿದ್ದಾರೆ.

ಬಾಲ ಎಷ್ಟು ಉದ್ದ ಅನ್ನುವುದಕ್ಕಿಂತ ಅದು ಸಣ್ಣಗಾಗುವ ಭುಜ ಹೇಗಿದೆ ಅನ್ನುವುದು ದೊಡ್ಡದು. ಅಲ್ಲಿ ಚೌಕಟ್ಟಿನ ಮೂಲೆಯಂತೆ ಚೂಪಾದ ಒಳಮೂಲೆ ಇದ್ದರೆ ಹೊಡೆತದ ಒತ್ತಡವೆಲ್ಲ ಆ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ಬಿರುಕು ಅಲ್ಲೇ ಹುಟ್ಟುತ್ತದೆ. ದುಂಡಗೆ ತಿರುಗಿಸಿದ್ದರೆ ಒತ್ತಡ ಹರಡಿಕೊಳ್ಳುತ್ತದೆ. ಹಿಡಿಯೊಳಗಿರುವ ಇದನ್ನು ನೋಡಲು ಆಗದಿರುವುದೇ ತಾಪತ್ರಯ. ಹಾಗಾಗಿ ಹೆಸರೇ ಕೇಳದ ತಯಾರಕರ ಚಾಕು ಕೊಳ್ಳುವುದಾದರೆ ಆಗ ಫುಲ್ ಟ್ಯಾಂಗ್ ಸೂತ್ರ ಉಪಯೋಗಕ್ಕೆ ಬರುತ್ತದೆ: ಹಿಡಿಯ ಸುತ್ತ ಉಕ್ಕಿನ ಗೆರೆ ಕಣ್ಣಿಗೆ ಕಾಣುತ್ತದೆ, ನಂಬಿಕೆಯ ಮೇಲೆ ಬಿಡುವುದೇನೂ ಇರುವುದಿಲ್ಲ. ಟೊಳ್ಳು ಹಿಡಿಯದ್ದು ಮಾತ್ರ ಬೇಡವೇ ಬೇಡ. ಕೋಲ್ಡ್ ಸ್ಟೀಲ್ ಕಂಪನಿಯ ಬುಶ್‌ಮ್ಯಾನ್ ಚಾಕು ಒಂದು ಇದಕ್ಕೆ ಹೊರತು. ಅದರ ಅಲಗು ಮತ್ತು ಹಿಡಿ ಒಂದೇ ಹಾಳೆಯದು, ಹಿಡಿಯನ್ನು ಕೊಳವೆಯಂತೆ ಸುತ್ತಿದ್ದಾರೆ, ಬಿಟ್ಟುಕೊಳ್ಳಲು ಅಲ್ಲಿ ಬೆಸುಗೆಯೂ ಇಲ್ಲ, ಬೋಲ್ಟೂ ಇಲ್ಲ.

ದಪ್ಪದ ಲೆಕ್ಕ

ಅಲಗಿನ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2.5 ಮಿ.ಮೀ. ಅಲಗಿನ ಪಕ್ಕದಲ್ಲಿ 3.2 ಮಿ.ಮೀ. ಅಲಗು ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ಬಾಗಿಸಲು ಹೋದರೆ ಎರಡನೆಯದು ಎರಡು ಪಟ್ಟು ಬಿಗಿ. ಅದೇ 3.2ರಿಂದ 6.35 ಮಿ.ಮೀ.ಗೆ ಜಿಗಿದರೆ ಎಂಟು ಪಟ್ಟಿನ ಹತ್ತಿರ. ಕೇಳಲು ಚೆನ್ನಾಗಿದೆ. ಆದರೆ ಕೈಯಲ್ಲಿ ಹಿಡಿದು ಕೊಯ್ಯುವಾಗ, ಹೆರೆಯುವಾಗ, ಸೀಳುವಾಗ ಯಾರೂ ಅಲಗನ್ನು ಪಕ್ಕಕ್ಕೆ ಬಾಗಿಸುವುದಿಲ್ಲ. ಬಾಗಿಸುವುದು ಮೀಟುವಾಗ ಮಾತ್ರ. ಮೀಟಲಿಕ್ಕೆ ಹಾರೆ ಇದೆ, ಗೂಟ ಇದೆ, ಗಟ್ಟಿಯಾದ ಕೋಲೊಂದನ್ನು ಕಡಿದುಕೊಂಡರೂ ನಡೆಯುತ್ತದೆ.

ದಪ್ಪದ ದಂಡ ತೆರುವುದು ಕೊಯ್ಯುವಾಗ. ಒಣಕಡ್ಡಿಯ ತುದಿಯನ್ನು ಸುರುಳಿ ಸುರುಳಿಯಾಗಿ ಹೆರೆದು ಬೆಂಕಿ ಹೊತ್ತಿಸಲು ಸಿಬಿರು ಮಾಡುತ್ತೀರಿ ಅಂದುಕೊಳ್ಳಿ. ತೆಳು ಅಲಗು ಮರದೊಳಗೆ ಕಾಗದದಷ್ಟು ತೆಳ್ಳಗೆ ಜಾರಿಕೊಂಡು ಹೋಗುತ್ತದೆ, ಸುರುಳಿ ಕಡ್ಡಿಗೆ ಅಂಟಿಕೊಂಡೇ ಉಳಿಯುತ್ತದೆ. 6 ಮಿ.ಮೀ. ಅಲಗು ಬೆಣೆಯ ಹಾಗೆ ಮೇಲೆದ್ದು ಬರುತ್ತದೆ. ಸುರುಳಿಯ ಬದಲು ಚಕ್ಕೆ ಉದುರುತ್ತದೆ. ತರಕಾರಿ ಹೆಚ್ಚಿದರೂ ಅದೇ ಕತೆ, ಕೊಯ್ದಂತೆ ಇರುವುದಿಲ್ಲ, ಒಡೆದಂತೆ ಇರುತ್ತದೆ. ಹೊರಗೆ ಒಂದು ದಿನ ಕಳೆದರೆ ಚಾಕು ಮಾಡುವ ಕೆಲಸದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇಂಥವೇ. ಹಗ್ಗ, ಚೀಲ, ಕಡ್ಡಿ, ಊಟದ ಸಾಮಾನು.

ಹತ್ತನೆಯ ಪಾಲು ಸೌದೆ ಸೀಳುವುದು. ಮಳೆ ಬಿದ್ದು ಹೊರಗೆಲ್ಲ ತೊಯ್ದಿರುವಾಗ ಒಣಗಿದ ಒಳತಿರುಳು ಬೇಕೆಂದರೆ ಸೌದೆಯನ್ನು ಸೀಳಲೇಬೇಕು, ಕೊಡಲಿ ಇಲ್ಲದಿದ್ದರೆ ಚಾಕುವಿನ ಬೆನ್ನಿಗೇ ಹೊಡೆಯಬೇಕು. ಅದಕ್ಕೂ 3 ಮಿ.ಮೀ. ಆಸುಪಾಸಿನ ಅಲಗು ಸಾಕು, ಹೊಡೆಯುವ ರೀತಿ ಸರಿ ಇದ್ದರೆ. ಸೌದೆಯ ಅಗಲಕ್ಕಿಂತ ಅಲಗು ಮೂರು ನಾಲ್ಕು ಸೆಂಟಿಮೀಟರ್ ಹೊರಗೆ ಚಾಚಿರಬೇಕು, ಹೊಡೆಯುವುದು ಆ ಚಾಚಿದ ಭಾಗಕ್ಕೆ. 10 ಸೆಂ.ಮೀ. ಅಲಗಿನಲ್ಲಿ 6 ಸೆಂ.ಮೀ. ಸೌದೆ ಸೀಳಬಹುದು, ಅದಕ್ಕಿಂತ ದಪ್ಪದ್ದಕ್ಕೆ ಕೈ ಹಾಕಬಾರದು. ಗಂಟಿರುವ ತುಂಡನ್ನು ಪಕ್ಕಕ್ಕೆ ಎಸೆಯಿರಿ. ಹೊಡೆಯಲು ಮರದ ದೊಣ್ಣೆ ಅಥವಾ ಕೊಡತಿಯೇ ಆಗಬೇಕು, ಕಲ್ಲಿನಿಂದ, ಸುತ್ತಿಗೆಯಿಂದ ಹೊಡೆದರೆ ಯಾವ ಚಾಕುವೂ ಹೆಚ್ಚು ದಿನ ಬಾಳುವುದಿಲ್ಲ. ಅಲಗು ಸಿಕ್ಕಿಕೊಂಡಿತೆಂದು ಹಿಡಿಯನ್ನು ತಿರುಚುವುದು ಕೊರಳಿಗೆ ನಾವೇ ಕೊಡುವ ಶಿಕ್ಷೆ. (ಗರಗಸದ ಹಲ್ಲಿರುವ ಬೆನ್ನಿಗೆ ಹೊಡೆದರೆ ದೊಣ್ಣೆಯೇ ನುರಿದುಹೋಗುತ್ತದೆ. ಆ ಹಲ್ಲು ಮರ ಕೊಯ್ದದ್ದನ್ನಂತೂ ನಾನು ಕಂಡಿಲ್ಲ.)

ನನ್ನ ತೀರ್ಮಾನ ಇಷ್ಟು: ಹೆಚ್ಚು ಕೆತ್ತನೆ, ಅಡುಗೆ, ಚಿಲ್ಲರೆ ಕೆಲಸ ಅಂದರೆ 2.5 ಮಿ.ಮೀ.; ಆಗಾಗ ಸೌದೆಯೂ ಸೀಳಬೇಕು ಅಂದರೆ 3ರಿಂದ 3.2. 5 ದಾಟಿದರೆ ಅದು ಬೇರೆ ಜಾತಿಯ ಉಪಕರಣ.

ಉಕ್ಕು

ಇದರ ಬಗ್ಗೆ ಜನ ರಾತ್ರಿಯಿಡೀ ವಾದ ಮಾಡುತ್ತಾರೆ, ಕಡಿಮೆ ಬೆಲೆಯ ಚಾಕುಗಳಲ್ಲಿ ಅಷ್ಟು ವಾದಕ್ಕೆ ಜಾಗವಿಲ್ಲ. ಒಂದು ಕಡೆ ಕಾರ್ಬನ್ ಸ್ಟೀಲ್: 1075, 1095. ಕೊನೆಯ ಎರಡು ಅಂಕಿ ಇಂಗಾಲದ ಪ್ರಮಾಣ ಹೇಳುತ್ತವೆ, 1095 ಅಂದರೆ ಸುಮಾರು 0.95 ಶೇಕಡಾ. ಇನ್ನೊಂದು ಕಡೆ ಸ್ಟೇನ್‌ಲೆಸ್. ಮೋರಾದವರು ಬಹುಕಾಲ ಬಳಸಿಕೊಂಡು ಬಂದ ಸ್ವೀಡನ್ನಿನದೇ 12ಸಿ27 ಉಕ್ಕಿನಲ್ಲಿ ಇಂಗಾಲ 0.6 ಶೇಕಡಾ, ಕ್ರೋಮಿಯಂ 13.5 ಶೇಕಡಾ. ತುಕ್ಕು ತಡೆಯುವುದು ಆ ಕ್ರೋಮಿಯಂ.

ಕಾರ್ಬನ್ ಸ್ಟೀಲ್ ಮಸೆಗಲ್ಲಿಗೆ ಬೇಗ ಮಣಿಯುತ್ತದೆ, ಏಟನ್ನೂ ತಡೆದುಕೊಳ್ಳುತ್ತದೆ. ಆದರೆ ಒದ್ದೆ ಮಾಡಿ ಒರೆಯಲ್ಲಿ ತುರುಕಿ ಮಲಗಿದರೆ ಬೆಳಗ್ಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಕಾದಿರುತ್ತವೆ. ಬಳಸುತ್ತ ಹೋದಂತೆ ಅಲಗಿನ ಮೇಲೆ ಬೂದುಗಪ್ಪು ಪದರ ಕಟ್ಟುತ್ತದೆ. ಅದನ್ನು ತಿಕ್ಕಿ ತೆಗೆಯಬೇಡಿ, ಅದು ಕೆಂಪು ತುಕ್ಕಿಗೆ ಸ್ವಲ್ಪ ಅಡ್ಡ ನಿಲ್ಲುತ್ತದೆ. ನೀರು, ಉಪ್ಪುಗಾಳಿ, ಮೀನು ಇರುವಲ್ಲಿಗೆ ಹೋಗುವವರು, ಒರೆಸಿ ಎಣ್ಣೆ ಸವರುವ ಅಭ್ಯಾಸ ಇಲ್ಲದವರು ಹಿಂದೆಮುಂದೆ ನೋಡದೆ ಸ್ಟೇನ್‌ಲೆಸ್ ತೆಗೆದುಕೊಳ್ಳಲಿ. ನಾನು ಎರಡನೇ ಗುಂಪಿನವನು, ನಾಚಿಕೆಯೇನಿಲ್ಲ.

ಬೆಂಕಿ ಹೊತ್ತಿಸಲು ಕಾರ್ಬನ್ ಸ್ಟೀಲೇ ಬೇಕು ಅನ್ನುವ ಮಾತು ಅರ್ಧ ಸತ್ಯ. ಚಕಮಕಿ ಕಲ್ಲಿಗೆ ಹೊಡೆದು ಕಿಡಿ ಎಬ್ಬಿಸುವುದಾದರೆ ಹೌದು, ಅಲ್ಲಿ ಕಿಡಿಯಾಗಿ ಹಾರುವುದು ಉಕ್ಕಿನ ಚೂರು. ಈಗ ಎಲ್ಲರ ಬಳಿ ಇರುವ ಫೆರೋ ರಾಡ್‌ನಲ್ಲಿ, ಅಂದರೆ ಕೆರೆದರೆ ಕಿಡಿ ಚಿಮ್ಮುವ ಲೋಹದ ಕಡ್ಡಿಯಲ್ಲಿ, ಕಿಡಿ ಬರುವುದು ಆ ಕಡ್ಡಿಯಿಂದ, ಚಾಕು ಬರೀ ಕೆರೆಯುತ್ತದೆ. ಬೆನ್ನಿನ ಅಂಚು ನೇರವಾಗಿ, ಚೂಪಾದ ಲಂಬಕೋನದಲ್ಲಿದ್ದರೆ ಸ್ಟೇನ್‌ಲೆಸ್ಸೂ ಅಷ್ಟೇ ಚೆನ್ನಾಗಿ ಕೆರೆಯುತ್ತದೆ. ಕಡಿಮೆ ಬೆಲೆಯ ಚಾಕುಗಳ ಬೆನ್ನು ಸಾಮಾನ್ಯವಾಗಿ ದುಂಡಗಿರುತ್ತದೆ, ಒಂದು ಅರ ತೆಗೆದುಕೊಂಡು ಹತ್ತು ನಿಮಿಷ ಉಜ್ಜಿದರೆ ಸರಿಹೋಗುತ್ತದೆ.

ಹೆಸರಿಗಿಂತ ಹದ ಮುಖ್ಯ. ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುವ ಕೆಲಸ ಕೆಟ್ಟರೆ ಒಳ್ಳೆಯ ಉಕ್ಕೂ ಗಾಜಿನಂತೆ ಒಡೆಯುತ್ತದೆ, ಇಲ್ಲವೇ ತಗಡಿನಂತೆ ಬಾಗುತ್ತದೆ. ಗಡಸುತನವನ್ನು ರಾಕ್‌ವೆಲ್ ಸಿ ಅಳತೆಯಲ್ಲಿ ಬರೆಯುತ್ತಾರೆ. ಹೊರಗಿನ ಕೆಲಸಕ್ಕೆ 56ರಿಂದ 60ರ ಒಳಗಿದ್ದರೆ ಚೆಂದ. ಸೌದೆ ಸೀಳುವ ಚಾಕುವಾದರೆ ಕೆಳಗಿನ ತುದಿ, ಕೆತ್ತುವುದಕ್ಕಾದರೆ ಮೇಲಿನದು. ಸರ್ಜಿಕಲ್ ಸ್ಟೀಲ್ ಎಂದಷ್ಟೇ ಬರೆದು, ಉಕ್ಕಿನ ಹೆಸರನ್ನೂ ಗಡಸುತನವನ್ನೂ ಹೇಳದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.

ಬಾಯಿಯ ಇಳಿಜಾರು

ಹೊಸಬರು ಗಮನಿಸದೇ ಬಿಡುವ, ನನ್ನ ಪ್ರಕಾರ ಮೊದಲು ನೋಡಬೇಕಾದ ವಿಷಯ ಇದು. ಅಲಗನ್ನು ಮೊನೆಯ ಕಡೆಯಿಂದ ಕಣ್ಣಿಗೆ ನೇರ ಹಿಡಿದು ನೋಡಿ. ಬೆನ್ನಿನಿಂದ ಬಾಯಿಯವರೆಗೆ ಉಕ್ಕು ಹೇಗೆ ತೆಳುವಾಗುತ್ತ ಬರುತ್ತದೆ?

ಸ್ಕ್ಯಾಂಡಿ ಅನ್ನುವ ಬಗೆಯಲ್ಲಿ ಅಲಗು ಪಟ್ಟಿಯಂತೆ ಸಮದಪ್ಪವಾಗಿ ಬಂದು, ಕೊನೆಯ ಆರೇಳು ಮಿಲಿಮೀಟರಿನಲ್ಲಿ ಒಂದೇ ಇಳಿಜಾರಾಗಿ ಬಾಯಿಗೆ ಸೇರುತ್ತದೆ. ಉಳಿಯನ್ನು ಎರಡೂ ಕಡೆ ಮಸೆದಂತೆ. ಮರ ಕೆತ್ತಲು ಇದನ್ನು ಮೀರಿಸಿದ್ದಿಲ್ಲ, ಮಸೆಯಲು ಕಲಿಯುವವರಿಗೂ ಇದೇ ಸುಲಭ, ಯಾಕೆಂದರೆ ಕೋನವನ್ನು ಅಂದಾಜು ಮಾಡುವುದೇ ಬೇಡ. ಆ ಅಗಲ ಇಳಿಜಾರನ್ನು ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿ ಕೂಡುತ್ತದೆ. ಸರಿ ಮಲಗಿದೆಯೋ ಇಲ್ಲವೋ ಅನುಮಾನ ಬಂದರೆ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ನಾಲ್ಕು ಸಲ ಎಳೆಯಿರಿ. ಮಸಿ ಪೂರ್ತಿ ಹೋಗಿದ್ದರೆ ಸರಿ. ಮೇಲ್ಗಡೆ ಮಾತ್ರ ಹೋಗಿ ಬಾಯಿಯ ಪಕ್ಕ ಕಪ್ಪು ಗೆರೆ ಉಳಿದಿದ್ದರೆ ಕಲ್ಲು ಬಾಯಿಗೆ ತಾಗಿಯೇ ಇಲ್ಲ, ಬೆನ್ನನ್ನು ಕೂದಲೆಳೆಯಷ್ಟು ಎತ್ತಬೇಕು, ಅಥವಾ ಅದೇ ಕೋನದಲ್ಲಿ ಇನ್ನಷ್ಟು ಹೊತ್ತು ಉಜ್ಜಬೇಕು. 1000 ಗ್ರಿಟ್‌ನ (ಕಲ್ಲು ಎಷ್ಟು ನಯ ಅನ್ನುವ ಅಂಕಿ ಅದು) ಒಂದು ಕಲ್ಲು, ಆಮೇಲೆ ಉಜ್ಜಲು ಹಳೆಯ ಚರ್ಮದ ಬೆಲ್ಟಿನ ಒಳಮೈ, ಇಷ್ಟರಲ್ಲಿ ಕೂದಲು ಬೋಳಿಸುವ ಹರಿತ ಬರುತ್ತದೆ.

ಬೆನ್ನಿನಿಂದಲೇ ಇಳಿಜಾರು ಶುರುವಾಗಿ, ಕೊನೆಗೆ ಒಂದು ಪುಟ್ಟ ಎರಡನೇ ಇಳಿಜಾರು ಇದ್ದರೆ ಅದು ಫ್ಲಾಟ್ ಗ್ರೈಂಡ್. ಅಡುಗೆಗೆ, ಕೊಯ್ಯುವುದಕ್ಕೆ ಒಳ್ಳೆಯದು, ದಪ್ಪ ಅಲಗನ್ನು ಸ್ವಲ್ಪವಾದರೂ ಸಹ್ಯ ಮಾಡುವುದು ಇದೇ. ಹೊಟ್ಟೆ ಉಬ್ಬಿದಂತೆ ದುಂಡಗೆ ಇಳಿಯುವ ಕಾನ್ವೆಕ್ಸ್ ಸೀಳಲು ಗಟ್ಟಿ, ಮಸೆಯಲು ಅಭ್ಯಾಸ ಬೇಕು. ಒಳಕ್ಕೆ ತಗ್ಗಿರುವ ಹಾಲೋ ಗ್ರೈಂಡ್ ಹರಿತಕ್ಕೆ ಹೆಸರಾದದ್ದು, ಸೌದೆಗಲ್ಲ.

ಹಿಡಿ, ಒರೆ

ಹಿಡಿ ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಇಪ್ಪತ್ತು ನಿಮಿಷ ಕೆತ್ತಿದ ಮೇಲೆ ಅಂಗೈಯಲ್ಲಿ ಎಲ್ಲಿ ಕೆಂಪಾಗಿದೆ ಅನ್ನುವುದು ನಿಜವಾದ ಪರೀಕ್ಷೆ. ಬೆರಳಿಗೆ ಒಂದೊಂದು ತಗ್ಗು ಕೊರೆದ ಹಿಡಿ ಮಾಡಿದವನ ಕೈಗೆ ಸರಿ, ನಿಮ್ಮ ಕೈಗೆ ಸರಿ ಹೊಂದುವ ಖಾತ್ರಿ ಇಲ್ಲ. ಹಿಡಿತ ಬದಲಿಸಿದ ಕೂಡಲೇ ಆ ಉಬ್ಬುಗಳೇ ಒತ್ತುತ್ತವೆ. ಪೂರ್ತಿ ಗುಂಡಗಿನ ಹಿಡಿ ಒದ್ದೆ ಕೈಯಲ್ಲಿ ತಿರುಗುತ್ತದೆ. ಮೊಟ್ಟೆಯಂತೆ ಉದ್ದುರುಟಾದ, ನಡುವೆ ತುಸು ಉಬ್ಬಿದ ಹಿಡಿಯಾದರೆ ಕಣ್ಣು ಮುಚ್ಚಿದರೂ ಬಾಯಿ ಯಾವ ಕಡೆ ಇದೆ ಅಂತ ಕೈಗೆ ತಿಳಿಯುತ್ತದೆ. ಹೊಸಬರಿಗೆ ಬೆರಳು ಅಲಗಿನ ಮೇಲೆ ಜಾರದಂತೆ ಮುಂದೊಂದು ಸಣ್ಣ ತಡೆ ಇರಲಿ. ರಬ್ಬರು ಹೊದಿಸಿದ್ದು ಚಳಿಗೆ, ಮಳೆಗೆ ಒಳ್ಳೆಯದು. ಫುಲ್ ಟ್ಯಾಂಗ್‌ನ ಬರಿಯ ಉಕ್ಕು ಚಳಿಯಲ್ಲಿ ಕೈ ಕೊರೆಯುತ್ತದೆ ಅನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಒರೆ ಪ್ಲಾಸ್ಟಿಕ್ಕಿನದಾದರೆ ತಳದಲ್ಲಿ ನೀರು ಬಸಿಯುವ ತೂತು ಇರಬೇಕು. ಚರ್ಮದ ಒರೆ ನೋಡಲು ಸುಂದರ, ಸದ್ದಿಲ್ಲ, ಆದರೆ ತೇವ ಹಿಡಿದುಕೊಳ್ಳುತ್ತದೆ, ಕಾರ್ಬನ್ ಸ್ಟೀಲನ್ನು ತಿಂಗಳುಗಟ್ಟಲೆ ಅದರಲ್ಲೇ ಇಟ್ಟರೆ ತುಕ್ಕು ಖಂಡಿತ.

ಹೆಸರು ಹಿಡಿದು ಹೇಳುವುದಾದರೆ

ಮೋರಾ ಊರಿನಲ್ಲಿ ಫ್ರಾಸ್ಟ್ ಎರಿಕ್ ಎರ್ಸನ್ ಚಾಕು ಮಾಡಲು ತೊಡಗಿದ್ದು 1891ರಲ್ಲಿ. ಅದೇ ಪರಂಪರೆ ಇವತ್ತಿನ ಮೋರಾಕ್ನಿವ್. ಅವರ ಕಂಪ್ಯಾನಿಯನ್ ಸ್ಟೇನ್‌ಲೆಸ್‌ನ ಅಲಗು 10 ಸೆಂ.ಮೀ. ಚಿಲ್ಲರೆ, ದಪ್ಪ 2.5 ಮಿ.ಮೀ., ಸ್ಕ್ಯಾಂಡಿ ಇಳಿಜಾರು, ಹಿಡಿಗೆ ರಬ್ಬರಿನಂಥ ಹೊದಿಕೆ, ಪ್ಲಾಸ್ಟಿಕ್ ಒರೆ. ಮೊದಲ ಚಾಕು ಯಾವುದು ತೆಗೆದುಕೊಳ್ಳಲಿ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ. ಕಳೆದುಹೋದರೆ ನಿದ್ದೆ ಕೆಡುವುದಿಲ್ಲ, ಮಸೆಯಲು ಕಲಿಯುತ್ತ ಗೀರಿದರೂ ಹೊಟ್ಟೆ ಉರಿಯುವುದಿಲ್ಲ. ಅದರದೇ ಹೆವಿ ಡ್ಯೂಟಿ ರೂಪದ ದಪ್ಪ 3.2 ಮಿ.ಮೀ. ಇದೆ, ಸೌದೆ ಸೀಳುವವರು ಅದನ್ನು ನೋಡಲಿ. ಬೆನ್ನು ಚೂಪಾಗಿ ಉಜ್ಜಿಯೇ ಬರುವುದು ಬೇಕು, ಕಾರ್ಬನ್ ಸ್ಟೀಲೇ ಬೇಕು ಅನ್ನುವವರಿಗೆ ಬುಶ್‌ಕ್ರಾಫ್ಟ್ ಬ್ಲ್ಯಾಕ್ ಇದೆ, ಬೆಲೆ ಎರಡು ಮೆಟ್ಟಿಲು ಮೇಲೆ. ಫುಲ್ ಟ್ಯಾಂಗ್ ಬೇಕೆಂದು ಜನ ಹಟ ಹಿಡಿದದ್ದಕ್ಕೆ ಉತ್ತರವಾಗಿ ಬಂದದ್ದು ಗಾರ್ಬರ್ಗ್, ಅದೂ 3.2 ಮಿ.ಮೀ. ಒಳ್ಳೆಯ ಚಾಕು, ಆದರೆ ಅಷ್ಟು ಬೆಲೆಗೆ ಹೋದಮೇಲೆ ಕಡಿಮೆ ದುಡ್ಡಿನ ಚಾಕು ಅನ್ನುವ ಮಾತು ಬಿಡಬೇಕಾಗುತ್ತದೆ.

ಸ್ವೀಡನ್ನಿನದೇ ಹುಲ್ತಾಫೋರ್ಸ್ ಕಂಪನಿಯ ಹೆವಿ ಡ್ಯೂಟಿ ಚಾಕು ಮೋರಾಗೆ ಸರಿಸಾಟಿ, ಅಲಗು 3 ಮಿ.ಮೀ. ಕಾರ್ಬನ್ ಸ್ಟೀಲ್. ಸ್ವಲ್ಪ ಗಿಡ್ಡ ಅಲಗು. ಕೈಗೆ ಯಾವುದು ಕೂತರೆ ಅದು, ಇವೆರಡರ ನಡುವೆ ಜಗಳ ಆಡುವುದು ದಂಡ.

ಮರದ ಹಿಡಿ, ಚರ್ಮದ ಒರೆ, ಫುಲ್ ಟ್ಯಾಂಗ್, ಜೊತೆಗೆ ಕೈಗೆಟುಕುವ ಬೆಲೆ ಬೇಕು ಅನ್ನುವವರ ಹುಡುಕಾಟ ಸಾಮಾನ್ಯವಾಗಿ ನಿಲ್ಲುವುದು ಕಾಂಡೋರ್ ಕಂಪನಿಯ ಬುಶ್‌ಲೋರ್ ಬಳಿ. ಎಲ್ ಸಾಲ್ವಡಾರ್‌ನಲ್ಲಿ ತಯಾರಾಗುತ್ತದೆ, 1075 ಉಕ್ಕು, ದಪ್ಪ 3 ಮಿ.ಮೀ. ಹತ್ತಿರ, ಅಲಗು 11 ಸೆಂ.ಮೀ. ಮೋರಾಗಿಂತ ಭಾರ, ಆದರೆ ಆ ಭಾರ ಕೈಗೆ ಹಿತ. ಒರೆಸಿ ಎಣ್ಣೆ ಹಚ್ಚುವ ಶಿಸ್ತು ಇದ್ದವರಿಗೆ ಮಾತ್ರ.

ಇನ್ನು ದಪ್ಪದ ಸಾಲು. ಕಾ-ಬಾರ್ ಹೆಸರಿನದೇ ಕಂಪನಿಯ ಬೆಕರ್ ಬಿಕೆ2: ಅಲಗು 13 ಸೆಂ.ಮೀ., ದಪ್ಪ 6.35 ಮಿ.ಮೀ., ತೂಕ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ಅದನ್ನು ಮುರಿಯುವುದು ಕಷ್ಟ, ದಿನವಿಡೀ ಸೊಂಟದಲ್ಲಿ ಹೊರುವುದೂ ಕಷ್ಟವೇ. ಎಸ್ಸೀ-4 ಅದಕ್ಕಿಂತ ಹದವಾದದ್ದು: 1095 ಉಕ್ಕು, ದಪ್ಪ 4.8 ಮಿ.ಮೀ., ಅಲಗು 11 ಸೆಂ.ಮೀ. ದಾಟುತ್ತದೆ, ಮುರಿದರೆ ಕಾರಣ ಕೇಳದೆ ಬದಲಿಸಿ ಕೊಡುವ ಜೀವಮಾನದ ಭರವಸೆ. ಆದರೆ ಒಂದು ಎಸ್ಸೀ ದುಡ್ಡಿನಲ್ಲಿ ನಾಲ್ಕೈದು ಕಂಪ್ಯಾನಿಯನ್ ಬರುತ್ತವೆ. ಆ ದುಡ್ಡಲ್ಲಿ ನಾನಾದರೆ ಒಂದು ಕಂಪ್ಯಾನಿಯನ್, ಒಂದು ಮಡಚುವ ಗರಗಸ, ಒಂದು ಮಸೆಗಲ್ಲು ತರುತ್ತೇನೆ. ಮುಂಗೈ ದಪ್ಪದ ಸೌದೆಯನ್ನು ಗರಗಸದಲ್ಲಿ ಗೇಣುದ್ದ ತುಂಡು ಮಾಡಿಕೊಂಡರೆ ತೆಳು ಚಾಕುವೂ ಅದನ್ನು ಸೀಳುತ್ತದೆ. ಗರಗಸ ಒಯ್ಯಲಾಗದ, ಒಂದೇ ಉಪಕರಣ ನಂಬಿ ಹೋಗುವ ಪರಿಸ್ಥಿತಿ ನಿಮ್ಮದಾದರೆ ಎಸ್ಸೀ ಕಡೆ ತಕ್ಕಡಿ ವಾಲುತ್ತದೆ, ಅದನ್ನು ಒಪ್ಪುತ್ತೇನೆ.

ಕೊಳ್ಳುವ ಮೊದಲು ನೀವಿರುವಲ್ಲಿ ಮಡಚದ ಚಾಕು ಒಯ್ಯುವುದಕ್ಕೆ ಏನು ನಿಯಮ ಇದೆ ಎಂದು ನೋಡಿಕೊಳ್ಳಿ, ದೇಶದಿಂದ ದೇಶಕ್ಕೆ ಇದು ತುಂಬ ಬದಲಾಗುತ್ತದೆ. ವಿಮಾನದಲ್ಲಾದರೆ ಕೈಚೀಲದಲ್ಲಿ ಬಿಡುವುದೇ ಇಲ್ಲ, ಸಾಮಾನಿನ ಜೊತೆ ಕೊಡಬೇಕು.

ಚಾಕು ಮನೆಗೆ ಬಂದ ದಿನ ದೀಪದ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ. ಹರಿತವಾದ ಬಾಯಿ ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಎಲ್ಲಾದರೂ ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಮೊಂಡು ಅಥವಾ ಹಲ್ಲು. ಎರಡೂ ಬದಿಯ ಇಳಿಜಾರು ಒಂದೇ ಅಗಲ ಇದೆಯೇ, ಬೆನ್ನಿನ ಕಡೆಯಿಂದ ನೋಡಿದಾಗ ಅಲಗು ನೇರ ಇದೆಯೇ ನೋಡಿ. ಆಮೇಲೆ ಚಾಕುವನ್ನು ಒರೆಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಜೋರಾಗಿ ಐದಾರು ಸಲ ಕೊಡವಿ. ಜಾರಿ ಬಿದ್ದರೆ ಆ ಒರೆ ಸೊಂಟಕ್ಕೆ ಕಟ್ಟುವುದಕ್ಕಲ್ಲ, ಮಾರಿದವರಿಗೆ ವಾಪಸು ಕೊಡುವುದಕ್ಕೆ.